ಗೌಸಬೀ ಹೊಲಿದ ಈಜಿನ ಅಂಗಿ

"ಏ ಹುಡುಗಿ, ಕಾಲು ಬಡಿಯೇ! ರೊಟ್ಟಿ ಬಡಿದಂಗ ಬಡಿ! ನೀರೇನು ನಿನ್ನ ಅತ್ತಿ ಮನಿ ಅಲ್ಲ, ಅಂಜಬ್ಯಾಡ!"

ಬೇಸಿಗೆ ರಜೆಯಲ್ಲಿ ಬೇವೂರಿನ ಹೊರಗಿನ ಹೊಲಗಳ ಕಡೆ ಹೋದವರಿಗೆ ಈ ಕೂಗು ಕೇಳಿಸದೆ ಇರುತ್ತಿರಲಿಲ್ಲ. ಕೂಗುವವಳು ಗೌಸಬೀ. ನಿಂತಿರುವುದು ಯಮನೂರಪ್ಪನ ಬಾವಿಯ ಮೆಟ್ಟಿಲ ಮೇಲೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಹಗ್ಗ. ಆ ಹಗ್ಗದ ಇನ್ನೊಂದು ತುದಿಯಲ್ಲಿ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಕಣ್ಣು ಮುಚ್ಚಿ ಒದ್ದಾಡುತ್ತಿರುವ ಯಾವುದೋ ಹುಡುಗಿ.

ಗೌಸಬೀಗೆ ಈಗ ಐವತ್ತನಾಲ್ಕು. ಊರಿನ ಹೆಂಗಸರ ಕುಪ್ಪಸ, ಹುಡುಗಿಯರ ಚೂಡಿದಾರ ಎಲ್ಲವನ್ನೂ ಹೊಲಿಯುವವಳು ಅವಳೇ. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇದೆ, ಗೋಡೆಗೆ ಅಳತೆಯ ಟೇಪು ತೂಗುತ್ತದೆ. ಗಂಡ ಅಲ್ಲಾಸಾಬ ಟಂಟಂ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಯಲಬುರ್ಗಾ, ಕುಷ್ಟಗಿ ಸಂತೆಗಳಿಗೆ ಹೋಗುವ ಮೆತ್ತನೆಯ ಮನುಷ್ಯ. ಮಗಳು ಖುಷ್ಬು ಗಂಗಾವತಿಯ ಒಂದು ದವಾಖಾನೆಯಲ್ಲಿ ನರ್ಸು, ಭಾನುವಾರ ಬರುತ್ತಾಳೆ. ಗೌಸಬೀಯ ಸಿಟ್ಟು ಊರಿಗೆಲ್ಲ ಗೊತ್ತು. ಹಾಲು ಉಕ್ಕಿದಂತೆ ಉಕ್ಕುತ್ತದೆ, ಹಾಗೇ ಇಳಿಯುತ್ತದೆ. ಬೈಸಿಕೊಂಡ ಹುಡುಗಿಯೇ ಸಂಜೆ ಅವಳ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಕುಳಿತಿರುತ್ತಾಳೆ.

ಇವಳಿಗೆ ಈ ಈಜಿನ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದರೆ ಅವಳು ಸುಮ್ಮನೆ ಸೂಜಿಗೆ ದಾರ ಪೋಣಿಸುತ್ತಾಳೆ. ಆದರೆ ಊರಿನ ಹಿರಿಯ ಹೆಂಗಸರಿಗೆ ಗೊತ್ತಿದೆ.

ಅವಳ ತವರು ಶ್ರೀರಾಮನಗರದ ಹತ್ತಿರ, ಕಾಲುವೆಯ ದಂಡೆಯ ಮೇಲೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗೌಸಬೀ, ಕಪ್ಪು. ಚಿಕ್ಕವಳು ಮೆಹಜಬೀನ, ಹಾಲಿನ ಕೆನೆಯಂಥ ಬಣ್ಣ. ಅಜ್ಜಿ ಚಾಂದಬೀ ಚಿಕ್ಕವಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ದಾಟಿದರೂ ತಲೆಯ ಮೇಲೆ ಬಟ್ಟೆ, ಬಂದಮೇಲೆ ಮುಖಕ್ಕೆ ಕಡಲೆಹಿಟ್ಟು. ದೊಡ್ಡವಳು ಅಪ್ಪನ ಹಿಂದೆ ಕಾಲುವೆಗೆ ಓಡಿದರೆ ಮಾತ್ರ, "ಹೋಗ್ಲಿ ಬಿಡು, ಮೊದಲ ಕರ್ರಗದಾಳ. ಆಕಿಗೆ ಬಿಸಲು ಏನ ಮಾಡೀತು?" ಎನ್ನುತ್ತಿದ್ದಳು. ಹೀಗೆ ಯಾರ ಲಕ್ಷ್ಯಕ್ಕೂ ಬಾರದ ಗೌಸಬೀ ಅಪ್ಪನ ಬೆನ್ನು ಹಿಡಿದು ಈಜು ಕಲಿತಳು. ಎಲ್ಲರ ಲಕ್ಷ್ಯದಲ್ಲಿದ್ದ ಮೆಹಜಬೀನ ಕಲಿಯಲಿಲ್ಲ. ಅವಳ ಬಣ್ಣ ನೋಡಿಯೇ ಒಳ್ಳೆಯ ಮನೆಯವರು ಕೇಳಿಕೊಂಡು ಬಂದರು, ಮದುವೆಯೂ ಆಯಿತು. ಆರು ತಿಂಗಳಿಗೆ ಒಂದು ಬೆಳಿಗ್ಗೆ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಹರಿದು ಹೋಗುತ್ತಿದ್ದ ಚಾದರ ಹಿಡಿಯಲು ಬಾಗಿ ಜಾರಿದಳು, ಮತ್ತೆ ಮೇಲೆ ಬರಲಿಲ್ಲ. ಅವಳಿಗಾಗ ಹದಿನೆಂಟು ವರ್ಷ. ಬೇವೂರಿಗೆ ಸೊಸೆಯಾಗಿ ಬಂದಿದ್ದ ಗೌಸಬೀಗೆ ಸುದ್ದಿ ಮುಟ್ಟಿದಾಗ ಅವಳು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅವಳು ನೆರೆಮನೆಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಾವಿಗೆ ಇಳಿದಳು. ಇದಾಗಿ ಮೂವತ್ತಮೂರು ವರ್ಷವಾಯಿತು.

ಅಂದಮೇಲೆ, ಬಣ್ಣದ ಮಾತೆತ್ತಿದವರ ಗತಿ ಏನಾದೀತು, ನೀವೇ ಹೇಳಿ. "ಹುಡುಗಿ ಕರ್ರಗಾಗತಾಳ ಅಕ್ಕಾರ, ನಾಳೆ ಯಾರ ಮಾಡ್ಕೋತಾರ?" ಎಂದು ಯಾವ ತಾಯಿಯಾದರೂ ಬಾಯಿ ಬಿಟ್ಟರೆ ಗೌಸಬೀ ಕತ್ತರಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು. "ಬಣ್ಣ ಉಳಿಸಿ ಏನ ಮಾಡ್ತೀ? ಗ್ವಾಡಿಗೆ ಬಳೀತೀಯೇನು? ಬಣ್ಣ ಹೋದ್ರ ಬರತೈತಿ, ಜೀವ ಹೋದ್ರ ಬರತೈತೇನು?" ಮರುದಿನ ಅವರೇ ಹುಡುಗಿಯನ್ನು ಕಳಿಸುತ್ತಿದ್ದರು.

ಆ ಬಾವಿಗೊಂದು ಕಟ್ಟಳೆಯಿತ್ತು. ಬೆಳಿಗ್ಗೆ ಗಂಡಸರದು, ಸಂಜೆಯೂ ಗಂಡಸರದು. ಅವರು ಉಂಡು ಬೇವಿನ ಮರದ ಕೆಳಗೆ ಕಾಲು ಚಾಚುವ ನಡುಮಧ್ಯಾಹ್ನ ಮಾತ್ರ ಹೆಣ್ಣುಮಕ್ಕಳದು. ಆ ಹೊತ್ತಿನಲ್ಲಿ ಗಂಡುಪಿಳ್ಳೆ ಅತ್ತ ಸುಳಿಯುತ್ತಿರಲಿಲ್ಲ, ಅದೊಂದು ಮರ್ಯಾದೆ. ಯಾರು ಮಾಡಿದ ಕಟ್ಟಳೆ ಎಂದು ಯಾರಿಗೂ ನೆನಪಿಲ್ಲ. ಏಪ್ರಿಲ್ ತಿಂಗಳ ಹನ್ನೆರಡು ಗಂಟೆಗೆ ಸೂರ್ಯ ನೇರ ಬಾವಿಯೊಳಗೇ ಇಳಿದಿರುತ್ತಾನೆ. ನಾಲ್ಕೂ ಕಡೆ ಕಲ್ಲಿನ ಗೋಡೆಯಿದ್ದರೂ ಒಂದು ಗೇಣು ನೆರಳಿರುವುದಿಲ್ಲ. ಕಲ್ಲು ಕಾಯುತ್ತದೆ, ನೀರು ಫಳಫಳ ಹೊಳೆದು ಕೆಳಗಿನಿಂದಲೂ ಬಿಸಿಲು ಹೊಡೆಯುತ್ತದೆ.

ಅದಕ್ಕೆ ಗೌಸಬೀಯ ಹತ್ತಿರ ಔಷಧವಿತ್ತು, ಅಜ್ಜಿ ಮೆಹಜಬೀನಳಿಗೆ ಹಚ್ಚುವುದನ್ನು ನೋಡಿ ಕಲಿತದ್ದು. ದೊಡ್ಡ ತಂಬಿಗೆಯ ತುಂಬ ಕುಸುಬೆ ಎಣ್ಣೆ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತೋಳು, ಬೆನ್ನು, ಕೊರಳು, ಮುಖಕ್ಕೆ ತಿಕ್ಕಿ ತಿಕ್ಕಿ ಹಚ್ಚುತ್ತಿದ್ದಳು. "ಎಣ್ಣಿ ಮೈಗೆ ಬಿಸಲು ನಾಟಂಗಿಲ್ಲ, ಜಾರಿ ಹೋಗತೈತಿ," ಎನ್ನುವುದು ಅವಳ ನಂಬಿಕೆ. ಹುಡುಗಿಯರು ಮಿರಮಿರ ಮಿಂಚುತ್ತ ನೀರಿಗೆ ಬೀಳುತ್ತಿದ್ದರು. ರಾತ್ರಿ ಮೈ ಉರಿದರೆ, "ಈಜಿದ ಮೈ, ಉರೀತೈತಿ," ಎಂದು ತಾಯಂದಿರೂ ಸುಮ್ಮನಾಗುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಈ ವರ್ಷ ಬಂದವರಲ್ಲಿ ರೇಣುಕಾ ಒಬ್ಬಳು. ಹನ್ನೆರಡರ ಹುಡುಗಿ, ಹಂಪವ್ವನ ಒಬ್ಬಳೇ ಮಗಳು. ಹಂಪವ್ವನಿಗೆ ಎರಡೆಕರೆ ಒಣಭೂಮಿ, ನಾಲ್ಕು ಆಡು. ಜುಲೈ ತಿಂಗಳಲ್ಲಿ ಕಾಲುವೆಗೆ ನೀರು ಬಿಟ್ಟರೆ ಗಂಡ ಹುಲಿಗೇಶನ ಜೊತೆ ಶ್ರೀರಾಮನಗರದ ಕಡೆ ಭತ್ತದ ನಾಟಿಗೆ ಹೋಗಿ ಒಂದು ತಿಂಗಳು ಅಲ್ಲೇ ಗುಡಿಸಲು ಹಾಕಿಕೊಂಡಿರುವುದು ಅವರ ರೂಢಿ. ಮಗಳನ್ನು ಬಿಟ್ಟುಹೋಗಲು ಊರಲ್ಲಿ ಯಾರೂ ಇಲ್ಲ, ಅವಳೂ ಜೊತೆಗೆ. ಹಗಲೆಲ್ಲ ತಾಯಿತಂದೆ ಗದ್ದೆಯಲ್ಲಿ, ಹುಡುಗಿ ಕಾಲುವೆಯ ದಂಡೆಯಲ್ಲಿ ಪಾತ್ರೆ ತಿಕ್ಕುತ್ತ, ನೀರು ತುಂಬುತ್ತ. ಇದನ್ನು ಕೇಳಿದ ದಿನದಿಂದ ಗೌಸಬೀಗೆ ನಿದ್ದೆ ಹತ್ತಿರಲಿಲ್ಲ. ತಾನೇ ಹಂಪವ್ವನ ಮನೆಗೆ ಹೋಗಿ, "ಈ ಹುಡುಗಿ ಈಜು ಕಲೀದ ಕಾಲುವಿ ದಂಡಿಗೆ ಹೋಗಬಾರದು. ನನ್ನ ಮಾತು ಕೇಳು," ಎಂದು ಕೂತು ಒಪ್ಪಿಸಿದ್ದಳು.

ರೇಣುಕಾ ಎಂಥ ಹುಡುಗಿ ಅಂತೀರಿ! ನೀರಿಗೆ ಇಳಿದರೆ ಹತ್ತುವ ಮಾತೇ ಇಲ್ಲ. ಉಳಿದವರು ನಡುನಡುವೆ ಮೇಲೆ ಬಂದು ಹುಣಸೆಹಣ್ಣು ಚೀಪಿದರೆ ಇವಳು ತೋಳಿಲ್ಲದ ಹಳೆಯ ಫ್ರಾಕಿನಲ್ಲಿ ಎರಡು ತಾಸು ಬಿಡದೆ ಕಾಲು ಬಡಿಯುತ್ತಿದ್ದಳು. ಗೌಸಬೀಗೆ ಹಿಗ್ಗೋ ಹಿಗ್ಗು. ದಿನಕ್ಕೆ ಎರಡು ಸಲ ಎಣ್ಣೆ ಹಚ್ಚಿದಳು.

ನಾಲ್ಕನೆಯ ದಿನ ರೇಣುಕಾ ಬರಲಿಲ್ಲ. ಸಂಜೆ ಹಂಪವ್ವನೇ ಮಗಳ ಕೈಹಿಡಿದು ಹೊಲಿಗೆಯ ಕೋಣೆಗೆ ಬಂದಳು. ಮುಖ ಗಂಟಿಕ್ಕಿಕೊಂಡಿತ್ತು.

"ಅಕ್ಕಾರ, ನಮ್ಮ ಹುಡುಗೀನ ಇನ್ನ ಮ್ಯಾಲ ಕಳಸಂಗಿಲ್ಲ."

ಗೌಸಬೀಗೆ ಹೇಳಿ ಕೇಳಿ ಹಾಲು ಉಕ್ಕುವ ಸಿಟ್ಟು. "ಯಾಕ, ನಿನ್ನ ಮಗಳ ಬಣ್ಣ ಕರಗೇತೇನು? ಹಂಪವ್ವ, ನೀನೂ ಹಿಂಗ ಅಂದ್ರ..."

"ನಾ ಬಣ್ಣ ಕೇಳಾಕ ಬಂದಿಲ್ರಿ," ಎಂದಳು ಹಂಪವ್ವ. ಮಗಳನ್ನು ತಿರುಗಿಸಿ ಹೆಗಲ ಮೇಲಿನ ಬಟ್ಟೆ ಸರಿಸಿದಳು. "ಚರ್ಮ ಸುಲದೈತಿ. ನೋಡ್ರಿ."

ಎರಡೂ ಹೆಗಲು ಕೆಂಪಗೆ ಬೆಂದಿದ್ದವು. ಬಲಗಡೆ ನೀರು ತುಂಬಿದ ಗುಳ್ಳೆಗಳು, ಎಡಗಡೆ ಗುಳ್ಳೆ ಒಡೆದು ಹಸಿ ಮಾಂಸದ ಬಣ್ಣ. ಹುಡುಗಿಗೆ ಹಿಂದಿನ ರಾತ್ರಿಯಿಂದ ಜ್ವರ, ಬೋರಲು ಮಲಗಿಯೇ ಇದ್ದಳಂತೆ. ಆದರೂ ಆ ಹುಚ್ಚು ಹುಡುಗಿ ತಿರುಗಿ, "ಕಾಕಿ, ನಾಳೆ ಬರಲೇನು?" ಎಂದು ಕೇಳಿತು.

ಗೌಸಬೀ ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆ ಎಣ್ಣೆ ಹಚ್ಚಿದ ಕೈ ಅವಳದೇ ಅಲ್ಲವೇ?

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದುಂಟೇ? ಮರುದಿನ ಹದಿನೆಂಟು ಹುಡುಗಿಯರಲ್ಲಿ ಆರು ಮಂದಿ ಬಂದರು. ಅದರ ಮರುದಿನ ಒಬ್ಬರೂ ಬರಲಿಲ್ಲ. ಗೌಸಬೀ ಖಾಲಿ ಡಬ್ಬಿಗಳನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಗಂಟೆಯವರೆಗೆ ಒಬ್ಬಳೇ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದಳು.

ಭಾನುವಾರ ಖುಷ್ಬು ಬಂದಳು. ತಾಯಿ ಮಗಳು ಮನೆಯಲ್ಲಿ ಮಾತಾಡುವುದು ದಖನಿಯಲ್ಲಿ, ಬೈದಾಡುವುದು ಮಾತ್ರ ಕನ್ನಡದಲ್ಲಿ. ಅವತ್ತು ಪೂರಾ ಕನ್ನಡವೇ ನಡೆಯಿತು.

"ಅಮ್ಮಾ, ಎಣ್ಣಿ ಬಿಸಲು ತಡಿಯಂಗಿಲ್ಲ. ಯಾರ ಹೇಳ್ಯಾರ ನಿನಗ? ಮಿರ್ಚಿ ಕರಿಯೂದು ಎದರಾಗ? ಎಣ್ಣ್ಯಾಗಲ್ಲ? ಮಕ್ಕಳಿಗೆ ಎಣ್ಣಿ ಬಳದು ಹನ್ನೆರಡರ ಬಿಸಲಾಗ ಇಳಿಸಿದ್ರ ಇನ್ನೇನಾಕ್ಕೈತಿ?"

"ಮೂವತ್ತು ವರ್ಷ ಹಚ್ಚೀನಿ..."

"ಮೂವತ್ತು ವರ್ಷ ಸುಟ್ಟೀ!"

ಆಮೇಲೆ ಖುಷ್ಬು ತಾಯಿಯ ಪಕ್ಕ ಕೂತು ಮೆತ್ತಗೆ ತಿಳಿಸಿ ಹೇಳಿದಳು. ಹತ್ತು ಗಂಟೆಯಿಂದ ನಾಲ್ಕರವರೆಗಿನ ಬಿಸಿಲಿನಲ್ಲಿ ಇಳಿಯಲೇಬಾರದು. ನೀರಿನಲ್ಲಿ ಮೈ ತಂಪಗಿರುವುದರಿಂದ ಸುಡುವುದು ಗೊತ್ತಾಗುವುದಿಲ್ಲ, ಆದರೆ ಸುಡುತ್ತಿರುತ್ತದೆ. ಮೈ ಮುಚ್ಚುವ ದಟ್ಟ ಬಟ್ಟೆ ಬೇಕು. ಬಟ್ಟೆಯಿಂದ ಹೊರಗೆ ಉಳಿದ ಮುಖ, ಕಿವಿ, ಕೊರಳು, ಅಂಗೈ ಹಿಂಬದಿಗೆ ಬಿಸಿಲು ತಡೆಯುವ ಮುಲಾಮು, ಅದೂ ನೀರಿಗೆ ತೊಳೆದುಹೋಗದಂಥದ್ದು, ಇಳಿಯುವ ಮೊದಲೇ ಹಚ್ಚಬೇಕು, ಮೇಲೆ ಬಂದು ಒರೆಸಿಕೊಂಡರೆ ಮತ್ತೆ ಹಚ್ಚಬೇಕು.

"ಇದೆಲ್ಲ ಬೆಳ್ಳಗಾಗೋರ ಚಾಳಿ," ಎಂದಳು ಗೌಸಬೀ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ಬೆಳ್ಳಗಾಗಾಕ ಅಲ್ಲಮ್ಮಾ, ಸುಡದಂಗ ಇರಾಕ. ಕರೇ ಮೈನೂ ಸುಡತೈತಿ. ಸ್ವಲ್ಪ ತಡವಾಗಿ, ಅಷ್ಟ."

ಗೌಸಬೀ ತನ್ನ ತೋಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಒಂದು ಬಕೆಟ್ ನೀರು ತುಂಬಿದಳು.

ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಬಟ್ಟೆಯ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಮನೆಯಲ್ಲಿದ್ದ ಕತ್ತರಿಸಿದ ತುಂಡುಗಳನ್ನೆಲ್ಲ ಹೊರತೆಗೆದು, ಒಂದೊಂದನ್ನೇ ನೀರಲ್ಲಿ ಅದ್ದಿ, ಹಿಂಡಿ, ಬಿಸಿಲಿಗೆ ಎತ್ತಿ ಹಿಡಿದು ಹಿಂದೆ ತನ್ನ ಐದು ಬೆರಳನ್ನಿಟ್ಟು ನೋಡಿದಳು. ಬೆರಳು ಕಂಡರೆ ಬಿಸಿಲೂ ಒಳಗೆ ಬರುತ್ತದೆ, ಇದಕ್ಕೇನು ದೊಡ್ಡ ವಿದ್ಯೆ ಬೇಕೇ? ಪಾಪ್ಲಿನ್ ಬಟ್ಟೆ ಒದ್ದೆಯಾಗಿದ್ದೇ ತಡ ಬೆರಳಿನ ಗೆರೆಗಳೂ ಕಂಡವು. ದಪ್ಪ ಚಾದರದಲ್ಲಿ ಬೆರಳು ಕಾಣಲಿಲ್ಲ, ಆದರೆ ನೀರು ಕುಡಿದು ಮೂಟೆಯಷ್ಟು ಭಾರವಾಯಿತು. ಅದನ್ನು ಉಟ್ಟ ಹುಡುಗಿ ಈಜುವುದಿರಲಿ, ತಳ ಸೇರುತ್ತಾಳೆ. ಕೊನೆಗೆ ಲೆಗಿನ್ಸ್ ಹೊಲಿಯುವ ಕಪ್ಪು ಬಟ್ಟೆ ಸಿಕ್ಕಿತು. ಒದ್ದೆ ಮಾಡಿ ಎಳೆದರೂ ಬೆರಳು ಕಾಣಲಿಲ್ಲ, ಹಿಂಡಿದರೆ ನೀರೆಲ್ಲ ಇಳಿಯಿತು.

"ಖುಷ್ಬೂ! ಗಂಗಾವತ್ಯಾಗ ಇದ ಬಟ್ಟಿ ಇಪ್ಪತ್ತು ಮೀಟರ್ ತಗೊಂಡು ಬಸ್ಸಿಗೆ ಹಾಕು. ಕರೇದು ಇಲ್ಲಾ ದಟ್ಟ ನೀಲಿ. ತಿಳಿ ಬಣ್ಣ ಬ್ಯಾಡ."

ಹೊಲಿಯುತ್ತ ಕೂತಾಗಲೇ ಅವಳಿಗೆ ಇನ್ನೊಂದು ಮಾತು ಹೊಳೆದು ಹಣೆ ಬಡಿದುಕೊಂಡಳು. ಕಾಲುವೆಗೆ ಬೀಳುವವರು ಗಿಡ್ಡ ಫ್ರಾಕು ಹಾಕಿಕೊಂಡು ಬೀಳುತ್ತಾರೇನು? ಮೈತುಂಬ ಬಟ್ಟೆ ಇದ್ದಾಗಲೇ ಬೀಳುತ್ತಾರೆ. ಮೆಹಜಬೀನಳ ಕಾಲಿಗೆ ಸೀರೆ ಸುತ್ತಿಕೊಂಡಿತ್ತು. ಮೈತುಂಬ ಬಟ್ಟೆಯಲ್ಲಿ ಈಜು ಕಲಿಸಬೇಕೆಂದು ಇಷ್ಟು ವರ್ಷ ತನ್ನ ತಲೆಗೆ ಯಾಕೆ ಹೋಗಲಿಲ್ಲ? ಅವತ್ತು ಮಷಿನ್ ಮೇಲೆ ತಲೆಯಿಟ್ಟು ಅತ್ತಳು. ಅಲ್ಲಾಸಾಬ ಚಹಾ ಮಾಡಿ ಪಕ್ಕದಲ್ಲಿಟ್ಟು ಹೊರಗೆ ಹೋದ.

ಮುಂಗೈವರೆಗೆ ತೋಳು, ಕೊರಳವರೆಗೆ ಮುಚ್ಚಿದ ಅಂಗಿ, ಕಾಲಿನ ಹರಡಿನವರೆಗೆ ಇಳಿಯುವ ಚಡ್ಡಿ, ತಲೆಗೆ ಹಿಂದೆ ಕೊರಳ ಮೇಲೆ ಇಳಿಬಿದ್ದ ಟೊಪ್ಪಿಗೆ. ಹೀಗೆ ಹತ್ತು ಜೊತೆ ಹೊಲಿದಳು. ಬಟ್ಟೆ ಆಯಿತು. ಉಳಿದದ್ದು ಹೊತ್ತು.

ಒಂದು ಬೆಳಿಗ್ಗೆ ಏಳು ಗಂಟೆಗೆ ಅವಳು ಬಾವಿಯ ಹತ್ತಿರ ಹೋಗಿ ಬೇವಿನ ಮರದ ಮರೆಯಲ್ಲಿ ನಿಂತು ಕೆಮ್ಮಿದಳು. ಗಂಡಸರು ಗಡಬಡಿಸಿ ಟವೆಲ್ ಸುತ್ತಿಕೊಂಡರು. ಅಲ್ಲಿಂದ ಬಾವಿ ಅರ್ಧ ಕಾಣುತ್ತಿತ್ತು. ಮೂಡಣದ ಗೋಡೆಯ ನೆರಳು ನೀರಿನ ಮೇಲೆ ಪೂರಾ ಹಾಸಿಕೊಂಡಿತ್ತು. ಇಷ್ಟು ವರ್ಷ ಈ ಹೊತ್ತಿನಲ್ಲಿ ಬಂದು ನೋಡಿದವಳೇ ಅಲ್ಲ ಅವಳು. 'ಅಯ್ಯ ನಿನ್ನ, ನೆರಳನ್ನೂ ಇವರೇ ಇಟ್ಟುಕೊಂಡಾರಲ್ಲ!' ಎಂದುಕೊಂಡಳು.

ಬಾವಿಯ ಮಾಲೀಕ ಯಮನೂರಪ್ಪ ಮೀಸೆ ಹಿಂಡುತ್ತ ಮೇಲೆ ಬಂದ. ಅರವತ್ತೆರಡು ವರ್ಷ, ಸರಕಾರಿ ಬಸ್ ಓಡಿಸಿ ನಿವೃತ್ತನಾದವನು. ಈಜಿನಲ್ಲಿ ತನ್ನನ್ನು ಬಿಟ್ಟರಿಲ್ಲ ಎನ್ನುವ ಆಸಾಮಿ.

"ಏನ ತಂಗಿ, ಮುಂಜಾನೆದ್ದು?"

"ಅಣ್ಣಾರ, ಈ ಹೊತ್ತು ಹುಡುಗ್ಯಾರಿಗೆ ಬಿಟ್ಟುಕೊಡ್ರಿ. ಏಳರಿಂದ ಒಂಬತ್ತು. ಮಧ್ಯಾಹ್ನದ ಬಿಸಲಿಗೆ ಹುಡುಗಿ ಮೈ ಸುಟ್ಟೈತಿ."

"ಹೇ, ಅದ್ಹೆಂಗ ಆಕ್ಕೈತಿ? ನಮ್ಮಪ್ಪನ ಕಾಲದಿಂದ ನಡದು ಬಂದಿದ್ದು. ಬಿಸಲಿಗೆ ಅಂಜಿ ಈಜತಾರೇನು? ನಾವೆಲ್ಲ ಬಿಸಲು ಉಂಡು ಬೆಳದೋರು!"

ಬಿಸಿಲು ಉಂಡು ಬೆಳೆದವನಂತೆ! ಮೂವತ್ತು ವರ್ಷ ಬಸ್ಸಿನ ತಗಡಿನ ಕೆಳಗೆ ಕೂತವನು. ಕಿಟಕಿಯ ಕಡೆಯ ಬಲಗೈ ಮಾತ್ರ ಕಪ್ಪಾಗಿತ್ತು, ಬೆನ್ನು ಮೂಲಂಗಿಯ ಹಾಗೆ ಬೆಳ್ಳಗಿತ್ತು. ಗೌಸಬೀ ಅದನ್ನು ನೋಡಿಯೂ ನೋಡದವಳಂತೆ ಸೆರಗು ಹೊದ್ದು ಭಾಳ ವಿನಯದಿಂದ ಹೇಳಿದಳು.

"ಖರೇ ಅಣ್ಣಾರ. ಗಂಡಸ್ರಿಗೆ ಬಿಸಲು ಏನ ಮಾಡೀತು? ಹಂಗಾದ್ರ ಅದಲಬದಲ ಮಾಡೂಣು. ನಮ್ಮ ಮಧ್ಯಾಹ್ನ ನೀವು ತಗೋರಿ, ನಿಮ್ಮ ಮುಂಜಾನಿ ನಮಗ ಕೊಡ್ರಿ. ಎಂಟ ದಿನ. ಎಂಟ ದಿನ ಆದಮ್ಯಾಲ ನಿಮ್ಮ ಮಾತ ನಡೀಲಿ."

ಹಿಂದೆ ನಿಂತ ಐದಾರು ಮಂದಿ ಯಮನೂರಪ್ಪನ ಮುಖ ನೋಡಿದರು. ಅವನಿಗೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

"ಆತು ಹೋಗು! ಎಂಟಲ್ಲ, ಹದಿನೈದ ದಿನ ತಗೋ!"

ಅದೇ ಸಂಜೆ ಗೌಸಬೀ ಹಂಪವ್ವನ ಮನೆಗೆ ಹೋದಳು. ಯಮನೂರಪ್ಪನ ಮುಂದೆ ಮಾತಾಡಿದಷ್ಟು ಸಲೀಸಲ್ಲ ಇದು. ಇಡೀ ಜನ್ಮದಲ್ಲಿ ಅವಳು ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ಕಟ್ಟೆಯ ಮೇಲೆ ಕೂತು, ಕಂಕುಳಿನ ಪೊಟ್ಟಣವನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು.

"ತಪ್ಪಾತು ಹಂಪವ್ವ," ಎಂದಳು. "ಎಣ್ಣಿ ಹಚ್ಚಿದ್ದು ನಂದ ತಪ್ಪು. ಬಣ್ಣದ ಮ್ಯಾಲಿನ ಸಿಟ್ಟಿನಾಗ ಹುಡುಗಿ ಚರ್ಮ ಮರತೆ. ಇದು ರೇಣುಕಾಗ ಹೊಲದೀನಿ. ಮುಂಜಾನಿ ನೆರಳಿನ ಹೊತ್ತು ಸಿಕ್ಕೈತಿ. ಕಳಸೂದು ಬಿಡೂದು ನಿನಗ ಬಿಟ್ಟಿದ್ದು. ಆದ್ರ ಈಜು ಕಲೀದ ಈ ಹುಡುಗೀನ ಕಾಲುವಿಗೆ ಕರಕೊಂಡು ಹೋಗಬ್ಯಾಡವಾ, ನಿನ್ನ ಕಾಲ ಹಿಡೀತೀನಿ."

ಹಂಪವ್ವ ಆಡಿನ ಮೇವು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಮೈ ಪೂರಾ ಮಾಯಲಿ, ನೋಡೂಣು," ಎಂದಳು. ಪೊಟ್ಟಣ ಇಟ್ಟುಕೊಂಡಳೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯ ಗೌಸಬೀಗೆ ಆಗಲಿಲ್ಲ.

ಬೆಳಗಿನ ಹೊತ್ತಿಗೆ ಮೊದಲ ದಿನ ಇಬ್ಬರು ಹುಡುಗಿಯರು ಬಂದರು. ಎರಡನೆಯ ದಿನವೂ ಇಬ್ಬರೇ.

ನಾಲ್ಕನೆಯ ದಿನ ಸಂಜೆ ಹೊಲಿಗೆಯ ಕೋಣೆಯ ಬಾಗಿಲಲ್ಲಿ ಯಮನೂರಪ್ಪ ಬಂದು ನಿಂತ. ನಿಂತ ರೀತಿಯೇ ಬೇರೆ. ಅಂಗಿ ಮೈಗೆ ತಾಗದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ.

"ತಂಗಿ, ಅದ... ಆ ಈಜೋ ಅಂಗಿ ಹೊಲದೀಯಂತಲ್ಲ. ನಮ್ಮ ಮೊಮ್ಮಗಗ ಒಂದು ಬೇಕಾಗಿತ್ತು."

"ಹೊಲದಕೊಡೂಣ್ರಿ ಅಣ್ಣಾರ. ಅಳತಿ?"

"ನಂದ ಹಿಡಿ. ಸ್ವಲ್ಪ ಹೆಚ್ಚು ಕಡಿಮಿ ನನ್ನಂಗ ಅದಾನ."

ಮೊಮ್ಮಗ ಮೂರನೆಯ ಇಯತ್ತೆ. ಗೌಸಬೀ ತುಟಿ ಕಚ್ಚಿಕೊಂಡು ಟೇಪು ತೆಗೆದು ಹೆಗಲ ಮೇಲೆ ಇಟ್ಟಳಷ್ಟೇ.

"ಅಯ್ಯಯ್ಯೋ, ಸತ್ನಲೇ ಯವ್ವಾ!" ಎಂದು ಆ ಮಹರಾಯ ಕುಣಿದುಬಿಟ್ಟ.

"ನಿಮ್ಮ ಮೊಮ್ಮಗ ಭಾಳ ದಪ್ಪ ಆಗ್ಯಾನಲ್ರಿ," ಎಂದಳು ಗೌಸಬೀ. "ಮೀಸಿನೂ ಬಂದಾವ?"

ಯಮನೂರಪ್ಪ ಮೊದಲು ಗುರಾಯಿಸಿದ. ಆಮೇಲೆ ನಗು ತಡೆಯಲಾರದೆ ನಕ್ಕ. ನಕ್ಕರೆ ಬೆನ್ನು ಉರಿಯುತ್ತದೆ, ಉರಿದರೆ ಹಲ್ಲು ಕಚ್ಚುತ್ತಾನೆ, ಮತ್ತೆ ನಗುತ್ತಾನೆ. ಗೌಸಬೀ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಗಂಡನನ್ನು ಕರೆದು ತಣ್ಣೀರಿನ ಬಟ್ಟೆ ಬೆನ್ನಿಗೆ ಹಾಕಿಸಿದಳು. "ಎಣ್ಣಿಗಿಣ್ಣಿ ಹಚ್ಚಬ್ಯಾಡ್ರಿ ಮತ್ತ," ಎಂದು ಗದರಿದಳು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಹೋಗುವಾಗ ಯಮನೂರಪ್ಪ ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದ: "ನಮಗೇನು ಬಿಸಲು ಹೆಚ್ಚಲ್ಲ. ಆದ್ರೂ ಹೆಣ್ಮಕ್ಕಳು ಬಂದು ಕೇಳಿದ್ರಿ ಅಂತ, ಮುಂಜಾನಿ ನಿಮಗ ಇರಲಿ. ನಾವು ಸಂಜಿಗೆ ಇಳೀತೀವಿ."

"ನೀವು ದೊಡ್ಡ ಮನಸ್ಸಿನವರ್ರಿ ಅಣ್ಣಾರ," ಎಂದಳು ಗೌಸಬೀ. ಮನಸಾರೆ ಹೇಳಿದ ಮಾತು ಅದು.

ಯಮನೂರಪ್ಪನ ಬೆನ್ನಿನ ಕಥೆಯನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಅವನ ಹೆಂಡತಿಯೇ ಸಾರಿಕೊಂಡು ಬಂದಳು. ಬಸ್ ಡ್ರೈವರನ ಬೆನ್ನೇ ಬೆಂದಿತೆಂದ ಮೇಲೆ ತಪ್ಪು ಬಿಸಿಲಿನದೇ ಹೊರತು ಈಜಿನದಲ್ಲ ಎನ್ನುವುದು ಊರಿನ ತಾಯಂದಿರಿಗೆ ಅರ್ಥವಾಯಿತು. ಹುಡುಗಿಯರು ಒಬ್ಬೊಬ್ಬರಾಗಿ ತಿರುಗಿ ಬಂದರು. ಕಪ್ಪು ಅಂಗಿ, ಕಪ್ಪು ಚಡ್ಡಿ, ಕಪ್ಪು ಟೊಪ್ಪಿಗೆ ಹಾಕಿ ಸಾಲಾಗಿ ಮೆಟ್ಟಿಲ ಮೇಲೆ ಕೂತರೆ ಎಮ್ಮೆಯ ಕರುಗಳ ಹಿಂಡಿನಂತೆ ಕಾಣುತ್ತಿದ್ದರು. ಗೌಸಬೀ ಒಬ್ಬೊಬ್ಬಳ ಮುಖ ಹಿಡಿದು ಖುಷ್ಬು ಕಳಿಸಿದ ಮುಲಾಮು ಹಚ್ಚುತ್ತಿದ್ದಳು. ಬಿಸಿಲು ಮೂಡಣದ ಗೋಡೆ ದಾಟಿ ನೀರಿಗೆ ಬಿದ್ದೊಡನೆ, "ಬಂತು, ಬಂತು, ಹತ್ರಿ ಮ್ಯಾಲ!" ಎಂದು ಹಗ್ಗ ಬೀಸುತ್ತಿದ್ದಳು. ಆದರೆ ಅವಳ ಕಣ್ಣು ಊರಿನ ದಾರಿಯ ಮೇಲೇ ಇರುತ್ತಿತ್ತು. ಮೇ ತಿಂಗಳ ಅರ್ಧ ಕಳೆಯಿತು. ರೇಣುಕಾ ಬರಲಿಲ್ಲ.

ಬಂದದ್ದು ಒಂದು ಸೋಮವಾರ. ಮುಂದೆ ಹಂಪವ್ವ, ಹಿಂದೆ ಕಪ್ಪು ಅಂಗಿಯಲ್ಲಿ ರೇಣುಕಾ. ಹೆಗಲ ಗಾಯ ಮಾಯ್ದು ತಿಳಿ ಗುಲಾಬಿ ಕಲೆ ಉಳಿದಿತ್ತು. ಹಂಪವ್ವ ಯಾರನ್ನೂ ಮಾತಾಡಿಸದೆ ಐದನೆಯ ಮೆಟ್ಟಿಲ ಮೇಲೆ ಕೂತಳು.

"ನಾ ಇಲ್ಲೇ ಕುಂಡ್ರಾಕಿ. ಹುಡುಗಿ ನನ್ನ ಕಣ್ಣ ಮುಂದ ಇರಬೇಕು," ಎಂದಳು.

"ಕುಂಡ್ರವಾ, ಕುಂಡ್ರು," ಎಂದಳು ಗೌಸಬೀ. ಮುಲಾಮಿನ ಟ್ಯೂಬು ಬಿಚ್ಚಿ, ರೇಣುಕಾಳ ಕಿವಿಯ ಹಿಂದೆ ಎರಡೆರಡು ಸಲ ಹಚ್ಚಿದಳು.

ಹದಿನಾಲ್ಕು ದಿನ ಹಂಪವ್ವ ಅದೇ ಮೆಟ್ಟಿಲ ಮೇಲೆ ಕೂತಳು. ಆರನೆಯ ದಿನ ಗೌಸಬೀ ರೇಣುಕಾಳ ಬೆನ್ನಿನ ಡಬ್ಬಿ ಬಿಚ್ಚಿದಳು. ಹತ್ತನೆಯ ದಿನ ಸೊಂಟದ ಹಗ್ಗ ಬಿಚ್ಚಿದಳು. ಕೊನೆಯ ದಿನ ಗೌಸಬೀಯ ಹೊಸ ಪರೀಕ್ಷೆ. ಈಜಿನ ಅಂಗಿಯ ಮೇಲೆ ತಾಯಿಯ ಹಳೆಯ ಸೀರೆ ಉಟ್ಟು, ಬಟ್ಟೆ ಒಗೆಯುವಾಗ ಜಾರಿ ಬಿದ್ದಂತೆ ಬೀಳಬೇಕು. ಬಿದ್ದವಳು ತಾನಾಗಿ ಎದುರಿನ ಗೋಡೆ ಮುಟ್ಟಿ ಬರಬೇಕು. ಯಾರೂ ಕೈಕೊಡುವಂತಿಲ್ಲ. ಗೌಸಬೀ ಮಾತ್ರ ನೀರಲ್ಲಿ ಎದೆಮಟ್ಟ ಇಳಿದು ಕಾವಲು ನಿಂತಳು.

ರೇಣುಕಾ ಬಿದ್ದಳು. ಮುಳುಗಿದಳು. ಸೀರೆ ಗುಳ್ಳೆಯಂತೆ ಉಬ್ಬಿ ನೀರ ಮೇಲೆ ಹರಡಿತು, ಹುಡುಗಿ ಕಾಣಲಿಲ್ಲ. ಹಂಪವ್ವ ಎದ್ದು ನಿಂತು, "ಅಕ್ಕಾರ!" ಎಂದು ಚೀರಿದಳು. ಗೌಸಬೀ ಎಣಿಸುತ್ತ ನಿಂತಿದ್ದಳು. ಒಂದು, ಎರಡು, ಮೂರು. ಸೀರೆಯ ಆಚೆ ಟೊಪ್ಪಿಗೆ ಮೇಲೆ ಬಂತು. ರೇಣುಕಾ ಅಂಗಾತ ತಿರುಗಿ, ಬಾಯಲ್ಲಿನ ನೀರು ಉಗುಳಿ, ಕಾಲಿಗೆ ಸುತ್ತಿದ ಸೀರೆಯನ್ನು ಒದ್ದು ಒದ್ದು ಸಡಿಲ ಮಾಡಿದಳು. ಅವಸರ ಮಾಡದೆ ಎದುರಿನ ಗೋಡೆಗೆ ಹೋಗಿ ಮುಟ್ಟಿದಳು. ತಿರುಗಿ ಬಂದು ಮೆಟ್ಟಿಲು ಹಿಡಿದುಕೊಂಡು ಕೇಳಿದಳು:

"ಕಾಲುವಿ ಇದಕ್ಕಿಂತ ಅಗಲ ಇರತೈತೇನು, ಕಾಕಿ?"

"ಇಷ್ಟ ಇರತೈತವಾ," ಎಂದಳು ಗೌಸಬೀ. "ಹರಿಯೋ ನೀರಿಗೆ ಎದುರಾಡಬ್ಯಾಡ, ಹಿಂಗ ಅಂಗಾತ ತೇಲಿ ದಂಡಿ ಹಿಡಿ. ದಂಡಿ ಸಿಗತೈತಿ ನಿನಗ." ನೀರಿನಿಂದ ಎದ್ದು ಬಂದು ಹಂಪವ್ವನ ಪಕ್ಕದಲ್ಲಿ ಕುಸಿದು ಕೂತಳು.

ಬಿಸಿಲು ಗೋಡೆ ದಾಟಿ ಅವರು ಕೂತ ಮೆಟ್ಟಿಲಿಗೆ ಬಂದಿತ್ತು. ಗೌಸಬೀಯ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಹಂಪವ್ವ ಕೈಚಾಚಿ ಮುಲಾಮಿನ ಟ್ಯೂಬು ಎತ್ತಿಕೊಂಡಳು.

"ಊರ ಮಕ್ಕಳಿಗೆಲ್ಲ ಹಚ್ಚಿದ್ರಿ. ನಿಮಗ?"

"ನನಗ್ಯಾಕವಾ? ನಾ ಮೊದಲ ಕರ್ರಗದೀನಿ."

"ಅದಕ್ಕ ಸುಡಂಗಿಲ್ಲೇನ್ರಿ? ಹಿಂಗ ತಿರಗರಿ. ಸುಮ್ನ ಕುಂಡ್ರಿ."

ಹಂಪವ್ವ ಅವಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಸೆರಗಿನಿಂದ ಮುಖ ಒರೆಸಿ, ಹಣೆಗೆ, ಕೆನ್ನೆಗೆ, ಕೊರಳಿಗೆ ಮೆಲ್ಲಗೆ ಹಚ್ಚತೊಡಗಿದಳು. ಐವತ್ತನಾಲ್ಕು ವರ್ಷದಲ್ಲಿ ಬಿಸಿಲು ತಾಗೀತೆಂದು ಆ ಮುಖದ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. ಯಾರಿಗೂ ಬಗ್ಗದ ಗೌಸಬೀ ಕಣ್ಣು ಮುಚ್ಚಿಕೊಂಡು ಸಣ್ಣ ಹುಡುಗಿಯಂತೆ ಕೂತುಬಿಟ್ಟಳು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ಹಚ್ಚಿದ್ದೆಲ್ಲ ತೊಳೆದುಹೋಗುತ್ತಿತ್ತು, ಹಂಪವ್ವ ಮತ್ತೆ ಹಚ್ಚುತ್ತಿದ್ದಳು.

"ಅವ್ವಾ, ಕಾಕಿ ಮೂಗು ಬಿಟ್ಟೀ ನೋಡು!" ಎಂದು ರೇಣುಕಾ ನೀರಿನಿಂದ ಕೂಗಿದಳು.

ಹಂಪವ್ವ ಮೂಗಿಗೂ ಹಚ್ಚಿದಳು.